ಎರಡನೇ ಸೈಡಿನ ಮೂರನೇ ಹಾಡು

ಹೇಳಿಕೆ ನೀಡುತ್ತಿರುವವರು: ಜಿ. ಏಕನಾಥಮ್ಮ, ತಂದೆ ದಿವಂಗತ ಗೊಲ್ಲಪ್ಪ, ವಯಸ್ಸು 62 ವರ್ಷ, ಅವಿವಾಹಿತೆ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಸ್ವಂತ ಊರು ಹಿರಿಯೂರು ತಾಲ್ಲೂಕು ಆದಿವಾಲ, ಹಾಲಿ ವಾಸ ಹಿರಿಯೂರು ಟೌನ್, ಬಾಡಿಗೆ ಮನೆ. ದಿನಾಂಕ 30-07-2025ರಂದು ಬೆಳಿಗ್ಗೆ 11-30 ಗಂಟೆಗೆ ಠಾಣೆಗೆ ಖುದ್ದಾಗಿ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ಹನ್ನೊಂದು ವರ್ಷಗಳಿಂದ ಒಬ್ಬಳೇ ವಾಸವಾಗಿರುತ್ತೇನೆ. ಕುಟುಂಬದ ಸದಸ್ಯರು ಎಂಬ ಕಾಲಂನಲ್ಲಿ ಏನು ಬರೆಯಬೇಕೆಂದು ಹೆಡ್ ಕಾನ್ಸ್‌ಟೇಬಲ್ ಕೊಟ್ರೇಶ್ ಅವರು ಕೇಳಿದ್ದಕ್ಕೆ ಒಂದು ಗೆರೆ ಎಳೆಯಿರಿ ಎಂದು ತಿಳಿಸಿರುತ್ತೇನೆ. ನನ್ನ ಬಳಿ ಒಂದು ಹಳೆಯ ರೆಕಾರ್ಡ್ ಪ್ಲೇಯರ್ ಹಾಗೂ ನಲವತ್ತೊಂದು ಹಾಡಿನ ಪ್ಲೇಟುಗಳು ಇರುತ್ತವೆ. ಪ್ಲೇಟಿನ ಕವರುಗಳಿಗೆಲ್ಲ ಮಕ್ಕಳ ಪುಸ್ತಕಕ್ಕೆ ಹಾಕುವ ಹಾಗೆ ಕಂದು ಕಾಗದದ ಬೈಂಡು ಹಾಕಿ, ಮೇಲೆ ಹೆಸರು ಬರೆದು ಇಟ್ಟಿರುತ್ತೇನೆ. ಮೂವತ್ತೆಂಟು ವರ್ಷ ಮೇಷ್ಟರಗಿರಿ ಮಾಡಿದವಳಿಗೆ ಈ ಚಟ ಬಿಡುವುದಿಲ್ಲ.

1981ರಲ್ಲಿ ನಾನು ಚಿತ್ರದುರ್ಗದಲ್ಲಿ ಟಿ.ಸಿ.ಎಚ್. ಓದುತ್ತಿದ್ದಾಗ, ದಾವಣಗೆರೆ ಕಡೆಯ ಒಬ್ಬ ಜನಪದ ಗಾಯಕರು ಕೋರಸ್ಸಿಗೆ ಹುಡುಗಿಯರು ಬೇಕೆಂದು ನಮ್ಮ ಹಾಸ್ಟೆಲಿನ ಆರು ಜನರನ್ನು ವಾರ್ಡನ್ ಜೊತೆಯಲ್ಲಿ ಮದ್ರಾಸಿಗೆ ಕರೆದುಕೊಂಡು ಹೋಗಿದ್ದರು. ಆಗ ತಯಾರಾದದ್ದೇ ‘ಎರೆಹೊಲದ ಹಾಡುಗಳು’ ಎಂಬ ಎಲ್.ಪಿ. ರೆಕಾರ್ಡು. ಅದರ ಎರಡನೇ ಸೈಡಿನ ಮೂರನೆಯದು ರಾಗಿ ಬೀಸುವ ಹಾಡು. ಎರಡನೇ ಚರಣ ಮುಗಿದ ಮೇಲೆ ವಾದ್ಯಗಳೆಲ್ಲ ನಿಂತು, ಒಂದು ಹುಡುಗಿಯ ದನಿ ಮಾತ್ರ, ಮಾತಿಲ್ಲದೆ, ರಾಗವಾಗಿ ಸುಮಾರು ಇಪ್ಪತ್ತು ಸೆಕೆಂಡು ಬರುತ್ತದೆ. ಆ ದನಿ ನನ್ನದು. ಕವರಿನ ಮೇಲೆ ಗಾಯಕರ ಹೆಸರಿನ ಕೆಳಗೆ ‘ಮತ್ತು ಸಂಗಡಿಗರು’ ಎಂದಷ್ಟೇ ಇರುತ್ತದೆ. ಹಾಡಿದ ನಮಗೆ ಕಂಪನಿಯವರು ಪ್ಲೇಟು ಕೊಡಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನಾನೇ ಮೊದಲ ಸಂಬಳದಲ್ಲಿ ದಾವಣಗೆರೆಗೆ ಹೋಗಿ ಕೊಂಡಿರುತ್ತೇನೆ.

ಆ ಹೊಸದರಲ್ಲಿ ಈ ವಿಷಯವನ್ನು ಶಾಲೆಯಲ್ಲಿ ಹೇಳಿದಾಗ ಬೋರಕ್ಕ ಎಂಬ ಸಹೋದ್ಯೋಗಿಯು ‘ಎಲ್ಲೈತೆ ನಿನ್ ಹೆಸ್ರು, ತೋರ್ಸು ನೋಡಾಣ’ ಎಂದು ಎಲ್ಲರೆದುರು ನಕ್ಕರು. ಅಂದಿನಿಂದ ನಾನಾಗಿ ಯಾರಿಗೂ ಹೇಳಬಾರದು, ಹಾಡು ಕೇಳಿದವರು ತಾವಾಗಿ ‘ಇದು ಯಾರ ದನಿ’ ಎಂದರೆ ಮಾತ್ರ ಹೇಳಬೇಕು ಎಂದು ತೀರ್ಮಾನಿಸಿದೆ. ಇದುವರೆಗೆ ಯಾರೂ ಕೇಳಿರಲಿಲ್ಲ. ಇದು ನನ್ನ ಹಟ, ಇದಕ್ಕೆ ಬೇರೆಯವರನ್ನು ದೂರುವುದಿಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ಪ್ಲೇಯರ್ ಕೆಟ್ಟಿದ್ದರಿಂದ ಚಿತ್ರದುರ್ಗದಲ್ಲಿ ರೇಡಿಯೋ ರಿಪೇರಿ ಮಾಡುವ ಮಾರುತೇಶ್ ಅವರ ಅಂಗಡಿಗೆ ತೆಗೆದುಕೊಂಡು ಹೋಗಿದ್ದೆ. ಅಲ್ಲಿ ಮೋಹನ್‌ಕುಮಾರ್, ವಯಸ್ಸು ಸುಮಾರು 36 ವರ್ಷ, ವಾಸ ಹೊಳಲ್ಕೆರೆ, ಬಿತ್ತನೆ ಬೀಜದ ಕಂಪನಿಯಲ್ಲಿ ಕೆಲಸ, ಎಂಬುವರ ಪರಿಚಯವಾಯಿತು. ಅವರಿಗೆ ಹಳೆಯ ಪ್ಲೇಟು ಕೂಡಿಡುವ ಹುಚ್ಚು. ಅದೂ ಒರಿಜಿನಲ್ ಮಾತ್ರ, ಅಂದರೆ ಹಾಡು ಬಿಡುಗಡೆಯಾದಾಗ ಮೊದಲು ಒತ್ತಿದ ಪ್ಲೇಟುಗಳು. ಈಗ ಕಂಪನಿಗಳು ಅದೇ ಹಾಡುಗಳನ್ನು ಹೊಸದಾಗಿ ಒತ್ತಿ ಮಾರುತ್ತಿರುವುದನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ‘ಒರಿಜಿನಲ್ ಅಂದ್ರೆ ಒರಿಜಿನಲ್ ಮೇಡಂ, ಈಗಿನವೆಲ್ಲ ಬರೀ ಶೋಕಿಗೆ’ ಎಂದು ಮೊದಲ ದಿನವೇ ಹೇಳಿದ್ದರು.

ಅಲ್ಲಿಂದ ಅವರು ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಬೈಕಿನಲ್ಲಿ ಸುಮಾರು ಎಪ್ಪತ್ತು ಕಿ.ಮೀ. ಬಂದು ಸಂಜೆ ನಾಲ್ಕರಿಂದ ಆರರವರೆಗೆ ನನ್ನ ಮನೆಯಲ್ಲಿ ಪ್ಲೇಟು ಕೇಳುತ್ತಿದ್ದರು. ಅಷ್ಟು ದೂರದಿಂದ ಅವರು ಬರುವುದು ಪ್ಲೇಟಿಗೆ, ನನ್ನನ್ನು ನೋಡಲು ಅಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಶನಿವಾರವೇ ಮೆಣಸಿನಕಾಯಿ ತಂದು, ಭಾನುವಾರ ಮಂಡಕ್ಕಿ ಒಗ್ಗರಣೆ ಹಾಕಿ ಮಿರ್ಚಿ ಕರಿಯುತ್ತಿದ್ದೆ. ಪ್ರತಿ ಸಲವೂ ಕಡೆಗೆ ‘ಎರೆಹೊಲದ ಹಾಡುಗಳು’ ಎರಡನೇ ಸೈಡು ಹಾಕುತ್ತಿದ್ದೆ. ನನ್ನ ದನಿ ಬರುವ ಹೊತ್ತಿಗೆ ಅವರ ಮುಖ ನೋಡುತ್ತಾ ಕೂರುತ್ತಿದ್ದೆ. ಅವರು ಮಾತ್ರ ಮೊಬೈಲ್ ಬೆಳಕಿನಲ್ಲಿ ಬೇರೆ ಯಾವುದೋ ಕವರಿನ ಹಿಂಬದಿ ಓದುತ್ತಲೋ, ಲೇಬಲಿನ ಪಕ್ಕದ ನುಣುಪು ಜಾಗದಲ್ಲಿ ಗೀಚಿರುವ ನಂಬರು ಫೋಟೋ ತೆಗೆಯುತ್ತಲೋ ಇರುತ್ತಿದ್ದರು. ಮುಂದಿನ ಸಲ ಕೇಳಿಯಾರು ಎಂದುಕೊಳ್ಳುತ್ತಿದ್ದೆ. ಹೀಗೆ ಹದಿನಾಲ್ಕು ತಿಂಗಳು ಕಳೆದಿರುತ್ತದೆ.

ದಿನಾಂಕ 13-07-2025ರ ಭಾನುವಾರ ಅವರು ಎಂದಿನಂತೆ ನಾಲ್ಕು ಗಂಟೆಗೆ ಬಂದರು. ಕೈಯಲ್ಲಿ ಒಂದು ದೊಡ್ಡ ಚೀಲ ಇತ್ತು, ಮೈಸೂರು ಕಡೆ ಯಾರ ಹತ್ತಿರವೋ ಪ್ಲೇಟು ಕೊಂಡೆ ಎಂದರು. ನಾನು ಅಡುಗೆ ಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದ ಸುಮಾರು ಇಪ್ಪತ್ತು ನಿಮಿಷ ಅವರು ಹಜಾರದಲ್ಲಿ ಒಬ್ಬರೇ ಇದ್ದರು. ಐದು ಗಂಟೆಗೇ ಎದ್ದು, ಮೋಡ ಆಗಿದೆ ಎಂದು ಹೇಳಿ ಹೊರಟರು. ಕಡೆಯ ಪ್ಲೇಟು ಕೇಳಲಿಲ್ಲ. ಅಂದು ನಮ್ಮಲ್ಲಿ ಒಂದು ಹನಿ ಮಳೆಯೂ ಬರಲಿಲ್ಲ.

ಮರುದಿನ ಸಂಜೆ ಏಳು ಗಂಟೆಗೆ ನಾನೊಬ್ಬಳೇ ಆ ಪ್ಲೇಟು ಹಾಕಿದೆ. ಎಂದಿನ ಚಿಟಚಿಟ ಸದ್ದೇ ಇಲ್ಲದೆ ತೊಳೆದಿಟ್ಟ ಹಾಗೆ ಹಾಡು ಕೇಳಿಸಿತು. ಬೀಸುವ ಹಾಡಿನಲ್ಲಿ ಎರಡನೇ ಚರಣ ಮುಗಿದು ವಾದ್ಯ ನಿಂತಿತು. ನನ್ನ ದನಿ ಬರುವ ಜಾಗದಲ್ಲಿ ಕೊಳಲು ಬಂತು. ಮತ್ತೆ ಹಾಕಿದೆ, ಮತ್ತೆ ಕೊಳಲೇ ಬಂತು. ಬೈಂಡಿನ ಮೂಲೆ ನೋಡಿದರೆ ಅದು ನಾನು ಮಡಿಸಿದ ಮಡಿಕೆ ಆಗಿರಲಿಲ್ಲ. ಬಿಚ್ಚಿದರೆ ಒಳಗೆ ಪಳಪಳ ಹೊಳೆಯುವ ಹೊಸ ಕವರು ಇತ್ತು. ಹಳೆಯ ಹಾಡುಗಳನ್ನು ಇಂದಿನ ಕಿವಿಗೆ ಒಗ್ಗುವಂತೆ ಹೊಸದಾಗಿ ಸಿದ್ಧಪಡಿಸಿದ್ದೇವೆ ಎಂದು ಹಿಂಬದಿಯಲ್ಲಿ ಅಚ್ಚಾಗಿತ್ತು. ನನ್ನ ಪ್ಲೇಟು ಹೋಗಿತ್ತು. ಇನ್ನು ಮುಂದೆ ಈ ಹಾಡು ಕೇಳುವವರಿಗೆ ನಾನು ಇದ್ದದ್ದೂ ತಿಳಿಯುವುದಿಲ್ಲ ಎಂದು ಅಂದೇ ಅರ್ಥವಾಯಿತು. ಆ ರಾತ್ರಿ ಊಟ ಮಾಡಿರುವುದಿಲ್ಲ.

ಮೋಹನ್‌ಕುಮಾರ್ ಅವರಿಗೆ ಹಲವು ಸಲ ಫೋನ್ ಮಾಡಿದರೂ ತೆಗೆಯಲಿಲ್ಲ. ದಿನಾಂಕ 27ರ ನಾಲ್ಕನೇ ಭಾನುವಾರ ಬಂದೇ ಬರುತ್ತಾರೆ, ಬಂದು ತಪ್ಪಾಯಿತು ಎಂದರೆ ಸಾಕು, ಒಂದು ಮಾತೂ ಬೈಯಬಾರದು ಎಂದುಕೊಂಡು ಹಿಟ್ಟು ಕಲೆಸಿಟ್ಟು ಕೂತಿದ್ದೆ. ಏಳೂವರೆಗೆ ಹಿಟ್ಟು ಚೆಲ್ಲಿದೆ. ಮರುದಿನ ಬೆಳಿಗ್ಗೆ ಆ ಹೊಸ ಪ್ಲೇಟು ಹಿಡಿದು ಠಾಣೆಗೆ ಬಂದು ದೂರು ನೀಡಿರುತ್ತೇನೆ.

ದೂರು ಓದಿದ ಕೊಟ್ರೇಶ್ ಅವರು ‘ಪ್ಲೇಟು ಇಲ್ಲೇ ಐತಲ್ಲಮ್ಮ. ಹಳೇದು ಒಯ್ದು ಹೊಸಾದು ಇಟ್ಟೋದೋನು ಕಳ್ಳ ಹೆಂಗಾಗ್ತಾನೆ?’ ಎಂದು ಕೇಳಿದರು. ನಿಮ್ಮ ಮನೆಯ ಹಳೆಯ ಫೋಟೋದಲ್ಲಿ ನಿಮ್ಮ ಮುಖದ ಜಾಗದಲ್ಲಿ ಹೂವಿನ ಕುಂಡ ಅಂಟಿಸಿ, ಚಂದ ಫ್ರೇಮು ಹಾಕಿ ವಾಪಸು ಕೊಟ್ಟರೆ ಸುಮ್ಮನಿರುತ್ತೀರಾ ಎಂದು ನಾನು ಕೇಳಿದೆ. ಅವರು ಹೊಳಲ್ಕೆರೆ ಠಾಣೆಗೆ ಫೋನ್ ಮಾಡಿಸಿದರು.

ದಿನಾಂಕ 29ರಂದು ಮಧ್ಯಾಹ್ನ ಮೂರು ಗಂಟೆಗೆ ಮೋಹನ್‌ಕುಮಾರ್ ಠಾಣೆಗೆ ಹಾಜರಾದರು. ನನ್ನ ಪ್ಲೇಟನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎಳೆ ಮಗುವನ್ನು ಎತ್ತಿಕೊಂಡ ಹಾಗೆ ತಂದಿದ್ದರು. ನಾನು ಒಂದು ದಿನವೂ ಅದನ್ನು ಅಷ್ಟು ನಾಜೂಕಾಗಿ ಇಟ್ಟುಕೊಂಡಿರಲಿಲ್ಲ, ಇದನ್ನು ಒಪ್ಪುತ್ತೇನೆ. ಅವರು ತಾವು ಕದ್ದಿಲ್ಲವೆಂದು ಹೇಳಿದರು. ‘ಮೇಡಂ ಮನೇ ಪ್ಲೇಯರ್ ಮುಳ್ಳು ಮೊಂಡಾಗೈತೆ ಸಾರ್. ಹಾಕ್ದಾಗೆಲ್ಲ ಪ್ಲೇಟು ಸವೀತೈತೆ. ನನಗೆ ಗೊತ್ತಿರೋ ಮಟ್ಟಿಗೆ ಇನ್ನೊಂದು ಕಾಪಿ ಎಲ್ಲೂ ಇಲ್ಲ. ಕೇಳಾಕೆ ಹೊಸಾದು ಸಾಕು, ಕ್ಲೀನಾಗೈತೆ. ಒರಿಜಿನಲ್ಲು ಉಳೀಬೇಕಲ್ಲ, ಅದಕ್ಕೆ ಒಯ್ದೆ. ಕೇಳಿದ್ರೆ ಕೊಡಲ್ಲ ಅಂತೀರಿ ಅಂತ ಕೇಳ್ಲಿಲ್ಲ’ ಎಂದರು. ‘ಸವೀಲಿ ಬಿಡಪ್ಪ, ನಾನೇನು ಹೊಸದಾಗಿ ಉಳಿದೀನಾ’ ಎಂದು ನಾನು ಹೇಳಿದೆ.

ಎರಡಕ್ಕೂ ಏನು ವ್ಯತ್ಯಾಸವೆಂದು ಕೊಟ್ರೇಶ್ ಅವರು ಕೇಳಿದಾಗ ಮೋಹನ್‌ಕುಮಾರ್ ಲೇಬಲಿನ ಬಣ್ಣ, ಪ್ಲೇಟಿನ ದಪ್ಪ, ಕವರಿನ ಕಾಗದ, ಗೀಚಿದ ನಂಬರು ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದರು. ‘ಹಾಡ್ನಾಗೆ ಏನಾರ ವ್ಯತ್ಯಾಸ ಐತಾ?’ ಎಂದು ಕೇಳಿದ್ದಕ್ಕೆ, ಹೊಸದನ್ನು ತಾನು ಹಾಕಿ ಕೇಳಿಲ್ಲ, ಹಾಡುಗಳು ಅವೇ ಎಂದರು. ನನಗೆ ಕದ್ದದ್ದಕ್ಕಿಂತ ಈ ಮಾತಿಗೆ ಹೆಚ್ಚು ನೋವಾಯಿತು.

ಪ್ಲೇಟು ನನ್ನದೇ ಎಂದು ಗುರುತಿಸುವ ಸಲುವಾಗಿ ಅಂದೇ ಸಂಜೆ ಐದು ಗಂಟೆಗೆ ಕೊಟ್ರೇಶ್, ಮಹಿಳಾ ಕಾನ್ಸ್‌ಟೇಬಲ್ ಸುಮಾ ಮತ್ತು ಮೋಹನ್‌ಕುಮಾರ್ ನನ್ನ ಮನೆಗೆ ಬಂದರು. ಪಕ್ಕದ ಮನೆಯ ಕಾಟಮ್ಮ ಅವರನ್ನು ಪಂಚರಾಗಿ ಕರೆಸಲಾಯಿತು. ನನ್ನಲ್ಲಿ ಎರಡೇ ಕುರ್ಚಿ ಇರುವುದರಿಂದ ಕಾಟಮ್ಮ ಅವರ ಮನೆಯಿಂದ ಮೂರು ತರಿಸಬೇಕಾಯಿತು. ನನ್ನ ಮನೆಯಲ್ಲಿ ಐದು ಜನ ಒಟ್ಟಿಗೆ ಕೂತದ್ದು ಅದೇ ಮೊದಲು.

ಮೊದಲು ಹೊಸದನ್ನು ಹಾಕಿದೆ. ಕೊಳಲು ಬಂತು. ಆಮೇಲೆ ನನ್ನದನ್ನು ಹಾಕಿದೆ. ಚಿಟಚಿಟ ಸದ್ದು ಕೇಳಿ ಕಾಟಮ್ಮ ಅವರು ಎಣ್ಣೆ ಕಾದಂಗೈತೆ ಎಂದರು. ಚರಣ ಮುಗಿದು ವಾದ್ಯ ನಿಂತು ನನ್ನ ದನಿ ಬಂತು. ನಾನು ರೂಢಿಯಂತೆ ಮೋಹನ್‌ಕುಮಾರ್ ಅವರ ಮುಖ ನೋಡಿದೆ. ಅವರು ಮುಳ್ಳು ಎಲ್ಲಿ ಪ್ಲೇಟು ಗೀರುತ್ತದೋ ಎಂದು ಹಲ್ಲು ಕಚ್ಚಿಕೊಂಡು ಅದನ್ನೇ ನೋಡುತ್ತಿದ್ದರು. ಬಾಗಿಲ ಹತ್ತಿರ ಕೂತಿದ್ದ ಸುಮಾ ಅವರು ಬರೆಯುವುದನ್ನು ನಿಲ್ಲಿಸಿ ‘ಆ ಹುಡ್ಗಿ ಯಾರು ಮೇಡಂ?’ ಎಂದು ಕೇಳಿದರು.

‘ನಾನು’ ಎಂದೆ. ಈ ಪ್ರಶ್ನೆಗೆಂದು ಇಷ್ಟು ವರ್ಷ ಎಷ್ಟೋ ಮಾತು ಕೂಡಿಟ್ಟಿದ್ದೆ, ಆ ಹೊತ್ತಿಗೆ ಅದೊಂದೇ ಬಾಯಿಗೆ ಬಂತು. ಕೊಟ್ರೇಶ್ ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕಾಟಮ್ಮ ಅವರು ‘ಅಯ್ಯೋ ನಮ್ಮವ್ವ, ಗೋಡೆ ಆಚೆಯಿಂದ ದಿನಾ ಕೇಳೀನಿ, ರೇಡಿಯೋ ಅಂತ ತಿಳ್ಕಂಡಿದ್ದೆ’ ಎಂದರು. ಸುಮಾ ಅವರು ಇನ್ನೊಂದು ಸಲ ಹಾಕಿ ಎಂದು ಕೇಳಿದ್ದರಿಂದ ಮತ್ತೆ ಹಾಕಿದೆ.

ಮೋಹನ್‌ಕುಮಾರ್ ಪ್ಲೇಟನ್ನು ಎತ್ತಿ ಕವರಿಗೆ ಹಾಕಿದರು. ಆಮೇಲೆ ಕವರಿನ ಮೇಲೆ ನಿಮ್ಮದೊಂದು ಸಹಿ ಇದ್ದರೆ ಇದರ ಬೆಲೆಯೇ ಬೇರೆ ಆಗುತ್ತದೆ ಎಂದರು. ಕೊಟ್ರೇಶ್ ಅವರು ತಿರುಗಿ ನೋಡಿದ ಮೇಲೆ ತಲೆ ತಗ್ಗಿಸಿದರು. ಹೊರಡುವಾಗ ಹೊಸಿಲ ಹತ್ತಿರ ‘ಇಷ್ಟ್ ದಿನ ನೀವ್ಯಾಕೆ ಹೇಳ್ಲಿಲ್ಲ ಮೇಡಂ?’ ಎಂದು ಮೆಲ್ಲಗೆ ಕೇಳಿದರು. ‘ನೀನ್ಯಾಕೆ ಕೇಳ್ಲಿಲ್ಲಪ್ಪ?’ ಎಂದು ನಾನು ಕೇಳಿದೆ.

ಈ ದಿನ ಠಾಣೆಯಲ್ಲಿ ಕೊಟ್ರೇಶ್ ಅವರು ನನಗೆ ತಿಳಿಹೇಳಿರುತ್ತಾರೆ. ಕೇಸು ಮುಂದುವರಿದರೆ ಪ್ಲೇಟು ಕೋರ್ಟಿಗೆ ಹೋಗುತ್ತದೆ, ಯಾವಾಗ ಕೈಗೆ ಬರುತ್ತದೋ ಹೇಳಲಾಗದು. ಬೇಡವೆಂದರೆ ಈಗಲೇ ಕೊಡುತ್ತೇವೆ, ಆತನಿಂದ ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತೇವೆ ಎಂದರು. ನಾನು ಕೇಸು ಬೇಡವೆಂದೆ. ಮುಚ್ಚಳಿಕೆಯಲ್ಲಿ ಮಾತ್ರ, ಮೋಹನ್‌ಕುಮಾರ್ ಎರಡನೇ ಮತ್ತು ನಾಲ್ಕನೇ ಭಾನುವಾರ ಮೊದಲಿನ ಹಾಗೆ ನನ್ನ ಮನೆಗೆ ಬರಬೇಕು, ಪ್ಲೇಟು ತಿರುಗುವಾಗ ಕವರು ಓದದೆ ಕೂತು ಕೇಳಬೇಕು ಎಂದು ಬರೆಸಬೇಕೆಂದು ಕೋರಿದೆ.

ಅದಕ್ಕೆ ಕೊಟ್ರೇಶ್ ಅವರು ‘ಇನ್ಮ್ಯಾಲೆ ಅವರ ಮನೆ ಕಡೆ ತಲೆ ಹಾಕಲ್ಲ ಅಂತ ಬರೆಸ್ತೀವಮ್ಮ. ಬರ್ತೀನಿ ಅಂತ ನನ್ನ ಸರ್ವೀಸ್‌ನಾಗೆ ಯಾರೂ ಬರೆಸಿಲ್ಲ’ ಎಂದರು. ಪ್ಲೇಟು ಕದ್ದ ಈ ಮನುಷ್ಯನನ್ನು ಬಿಟ್ಟರೆ ನನ್ನ ಮನೆಗೆ ಬರುವವರು ಬೇರೆ ಯಾರೂ ಇಲ್ಲ, ಆದ್ದರಿಂದ ಬರೆಯಿರಿ ಎಂದು ತಿಳಿಸಿದೆ. ಅವರು ನಾನು ಹೇಳಿದ ಹಾಗೆಯೇ ಬರೆದಿರುತ್ತಾರೆ. ಮೋಹನ್‌ಕುಮಾರ್ ಅದನ್ನು ಎರಡು ಸಲ ಓದಿ ರುಜು ಹಾಕಿರುತ್ತಾರೆ. ಬರುತ್ತಾರೋ ಇಲ್ಲವೋ ನನಗೆ ತಿಳಿಯದು.

ಈ ಹೇಳಿಕೆಯನ್ನು ಯಾರ ಒತ್ತಾಯವೂ ಇಲ್ಲದೆ ನಾನೇ ನೀಡಿದ್ದು, ಸುಮಾ ಅವರು ಮೊದಲಿನಿಂದ ಕಡೆಯವರೆಗೆ ಗಟ್ಟಿಯಾಗಿ ಓದಿ ಹೇಳಿದ್ದನ್ನು ಕೇಳಿರುತ್ತೇನೆ. ಇದರಲ್ಲಿರುವುದೆಲ್ಲ ನಿಜ.

ಸ್ಥಳ: ಹಿರಿಯೂರು
ದಿನಾಂಕ: 30-07-2025
ಜೊತೆಯಲ್ಲಿ ಬಂದವರು: ಯಾರೂ ಇಲ್ಲ

ಸಹಿ
(ಜಿ. ಏಕನಾಥಮ್ಮ)