ಬಾಳವ್ವ ಯಾರ ಮನೆಗೆ ಹೋದಳು?

ಒಂದು ಪೇಟೆಯಲ್ಲಿ ಜವಳಿ ವ್ಯಾಪಾರದ ಸಿರಿವಂತನೊಬ್ಬ ಇದ್ದ. ಇದ್ದ, ತೀರಿಕೊಂಡ, ನಮ್ಮ ಕಥೆ ಅವನದಲ್ಲ, ಅವನ ತಂಗಿ ಬಾಳವ್ವನದು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ತಾಯಿಯಿಲ್ಲದ ಅವನ ಇಬ್ಬರು ಗಂಡುಮಕ್ಕಳನ್ನು ಎತ್ತಿ ಆಡಿಸಿ ದೊಡ್ಡವರನ್ನು ಮಾಡಿದವಳು. ಆ ಮಕ್ಕಳು ಈಗ ಬೇರೆಯಾಗಲು ನಿಂತರು. ಜಗಳವಿಲ್ಲ, ಕೋರ್ಟಿಲ್ಲ. ಹಳೆಯ ಮನೆ ಮಾರಿ, ಊರಿನ ಆ ತುದಿಗೊಂದು, ಈ ತುದಿಗೊಂದು ಮನೆ ಕಟ್ಟಿಸಿದ್ದರು.

ಸಾಮಾನು ಹಂಚಿದವರು ಯಾರು? ಬಾಳವ್ವನೇ. ತಾಮ್ರದ ಹಂಡೆ ಆ ಕಡೆಗೊಂದು, ಈ ಕಡೆಗೊಂದು. ಕೌದಿಯೂ ಹಾಗೆ, ರೊಟ್ಟಿ ಹಂಚೂ ಹಾಗೆ. ಒಂದು ಸೌಟು ಹೆಚ್ಚುಕಡಿಮೆ ಆಗಲಿಲ್ಲ.

"ಅತ್ತಿ, ನಮ್ಮನಿ ನಿಂದ ಐತಿ. ಯಾವಾಗ ಬೇಕಾದ್ರೂ ಬಾ," ಅಂದ ದೊಡ್ಡವ.

"ನಮ್ಮನಿ ಬ್ಯಾರೆದವರದೇನು? ಯಾವಾಗರ ಬಾ," ಅಂದ ಸಣ್ಣವ.

ಕೇಳುವುದಕ್ಕೆ ಎಷ್ಟು ಹಿತ, ನೋಡಿ. ಆದರೆ ಅವಳ ಟ್ರಂಕನ್ನು ಯಾರೂ ಎತ್ತಲಿಲ್ಲ. ಒಂದು ಟೆಂಪೊ ಆ ಕಡೆ ಹೋಯಿತು, ಇನ್ನೊಂದು ಈ ಕಡೆ ಹೋಯಿತು. ಅತ್ತೆ ತಮ್ಮನ ಜೊತೆ ಹೋದಳು ಅಂತ ಅಣ್ಣ ಅಂದುಕೊಂಡ. ಅಣ್ಣನ ಜೊತೆ ಹೋದಳು ಅಂತ ತಮ್ಮ ಅಂದುಕೊಂಡ.

ಬಾಳವ್ವ ಕಟ್ಟೆಯ ಮೇಲೆ ಕೂತಳು. ಯಾರಾದರೂ ತಿರುಗಿ ಬಂದಾರು ಅಂತ ದೀಪ ಹಚ್ಚುವ ಹೊತ್ತಿನವರೆಗೂ ಕೂತಳು. ತಾನಾಗಿಯೇ ಹೋಗಬಹುದಿತ್ತಲ್ಲ ಅಂತೀರಾ? ಯಾವ ಮನೆಗೆ ಹೋಗಬೇಕು? ಇವರಲ್ಲಿಗೆ ಹೋದರೆ ಅವರಿಗೆ ಬೇಸರ, ಅವರಲ್ಲಿಗೆ ಹೋದರೆ ಇವರಿಗೆ ಬೇಸರ. ಇನ್ನೊಂದು ಯೋಚನೆಯೂ ಬಂತು: ಯಾರಿಗೂ ಬೇಸರವೇ ಆಗದಿದ್ದರೆ? ಆಗ ಅವಳಿಗೆ ಅಳು ಬಂತು. ಬರಿದಾದ ಪಡಸಾಲೆಯಲ್ಲಿ ಸೀರೆ ಹಾಸಿಕೊಂಡು ಮಲಗಿದಳು.

ಮರುದಿನ ಮಧ್ಯಾಹ್ನ ಸಣ್ಣವನ ಹೆಂಡತಿ ಶಶಿಕಲಾ ಏದುಸಿರು ಬಿಡುತ್ತ ಬಂದಳು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಕೈಯಲ್ಲಿ ಸೀಮೆಸುಣ್ಣದ ಪುಡಿ ಇನ್ನೂ ಹಾಗೇ ಇತ್ತು. ಅವಳನ್ನು ಕಂಡು ಬಾಳವ್ವ ಗಡಬಡಿಸಿ ಎದ್ದಳು.

"ಬಾರವ್ವಾ. ಏನ್ ಮರತ್ ಹೋಗಿದ್ದಿ? ಹುಡುಕಿ ಕೊಡ್ತೇನಿ."

ಶಶಿಕಲಾ ಅಲ್ಲೇ ಅವಳ ಪಕ್ಕದಲ್ಲಿ ಕೂತಳು.

ಅವಳು ಆ ದಿನ ಹುಡುಗರಿಗೆ ಹೇಳುತ್ತಿದ್ದ ಪಾಠ ಯಾವುದು ಗೊತ್ತೇ? ನಮ್ಮ ಮೈಯ ಒಂದು ಜೀವಕೋಶ ಎರಡಾಗಬೇಕಾದರೆ, ಒಳಗಿನ ವರ್ಣತಂತುಗಳೆಲ್ಲ ಜೋಡಿ ಜೋಡಿಯಾಗಿ ನಡುವೆ ಬಂದು ನಿಲ್ಲುತ್ತವೆ. ಎರಡೂ ತುದಿಯಿಂದ ಎಳೆಗಳು ಬಂದು ಒಂದೊಂದು ಜೋಡಿಯನ್ನೂ ಹಿಡಿಯಬೇಕು. ಹಿಡಿದರೆ ಸಾಲದು, ನೋಡಿ, ಬಿಗಿಯಾಗಿ ಹಿಡಿಯಬೇಕು. ಎಳೆ ಸಡಿಲವಿದ್ದರೆ ಕೋಶ ಅದನ್ನು ಬಿಡಿಸಿ ಮತ್ತೆ ಹಿಡಿಸುತ್ತದೆ. ಒಂದೇ ಒಂದು ಜೋಡಿ ಸಿಗದೆ ಉಳಿಯಿತೋ, ಅದು "ತಡೀರಿ" ಅಂತ ಸುದ್ದಿ ಕಳಿಸುತ್ತದೆ. ಇಡೀ ಕೋಶ ತಡೆಯುತ್ತದೆ. ತಡೆಯದೆ ಬೇರೆಯಾದರೆ ಎರಡೂ ಕಡೆ ಲೆಕ್ಕ ತಪ್ಪುತ್ತದೆ, ಎರಡೂ ಕೆಡುತ್ತವೆ.

"ಒಂದ ಉಳಿದ್ರೂ ಮುಂದ ಹೋಗಂಗಿಲ್ಲ ಅಂತ ಹೇಳಾಕತ್ತಿದ್ದೆ, ಅತ್ತಿ. ಹೇಳ್ತಿದ್ದಂಗ ನಿನ್ನ ಟ್ರಂಕ್ ನೆನಪಾತು. ನಮ್ಮ ಟೆಂಪೊದಾಗ ಅದು ಇದ್ದಿದ್ದಿಲ್ಲ. ಭಾವಾರ ಮನಿಗೆ ಫೋನ್ ಮಾಡಿದ್ರ ಅಲ್ಲೂ ಇಲ್ಲ." ಶಶಿಕಲಾ ಅಳುತ್ತಿದ್ದಳು. "ನಮ್ಮನ್ಯಾಕ ಕೂಗಲಿಲ್ಲ ನೀನು?"

"ಯಾರನ್ ಕೂಗಲೆವ್ವಾ? ಇಬ್ರೂ ಬಾ ಅಂದಿದ್ರಿ."

ಶಶಿಕಲಾ ಕಣ್ಣೊರೆಸಿಕೊಂಡು ತಾನೇ ಆ ಟ್ರಂಕ್ ಎತ್ತಿಕೊಂಡಳು, ಬಾಳವ್ವ ಅವಳ ಜೊತೆ ಸಣ್ಣವನ ಮನೆಗೆ ಹೊರಟಳು.

ತಾಯಂದಿರೇ, ಅಣ್ಣಂದಿರೇ, ಕಣ್ಣಿಗೆ ಕಾಣದ ಆ ಕೋಶಕ್ಕಿರುವ ತಾಳ್ಮೆ ಆರಡಿ ಎತ್ತರದ ನಮಗಿಲ್ಲ. ಅಲ್ಲಿ ಉಳಿದದ್ದು ಕೂಗುತ್ತದೆ, ಮಿಕ್ಕವೆಲ್ಲ ಕೇಳುತ್ತವೆ. ನಮ್ಮಲ್ಲಿ ಉಳಿದವರು ಕೂಗುವುದಿಲ್ಲ, ಸಂಕೋಚ. ಆದ್ದರಿಂದ ಕೇಳಬೇಕಾದವರು ನಾವು. "ಯಾವಾಗ ಬೇಕಾದರೂ ಬಾ" ಅನ್ನುವುದು ಕರೆಯಲ್ಲ, ಸಡಿಲ ಎಳೆ. ಇನ್ನು ಮೇಲೆ ಆ ಮಾತು ಆಡಬೇಡಿ. ಕರೆಯುವುದಾದರೆ ದಿನ ಹೇಳಿ ಕರೆಯಿರಿ, ಹೋಗಿ ಗಂಟು ಎತ್ತಿಕೊಳ್ಳಿ.

ನಿಮ್ಮ ಬಳಗದಲ್ಲೂ ಇಂಥವರೊಬ್ಬರಿದ್ದಾರೆ. ಅವರ ಕಡೆ ಇದ್ದಾರೆ ಬಿಡು ಅಂತ ನೀವು, ಇವರ ಕಡೆ ಇದ್ದಾರೆ ಬಿಡು ಅಂತ ಅವರು. ಇಲ್ಲಿ ಕಥೆ ಮುಗಿದು ಮಂಗಳಾರತಿ ಆದ ಕೂಡಲೇ ಆ ಒಬ್ಬರಿಗೆ ಫೋನು ಮಾಡಿ. ಹೇಗಿದ್ದೀರಿ ಅಂತ ಕೇಳಬೇಡಿ, ಚೆನ್ನಾಗಿದ್ದೇನೆ ಅಂದುಬಿಡುತ್ತಾರೆ. ಎಲ್ಲಿದ್ದೀರಿ ಅಂತ ಕೇಳಿ, ಕೇಳಿ ಹೊರಡಿ.