ಆರೋಗ್ಯವಂತರ ಕೊಳವೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಭಾವನವರೇ, ಅಕ್ಕನ ಮಗಳೇ, ನಮ್ಮ ಪ್ರಯೋಗಾಲಯದ ಗೆಳೆಯರೇ — ಅಕ್ಕನ ನೆನಪಿನಲ್ಲಿ ಮಾತನಾಡಲು ಬರೆದುಕೊಂಡೇ ಬಂದಿದ್ದೆ. ಇಲ್ಲಿ ನಿಂತ ಮೇಲೆ ಅದರಲ್ಲಿರುವುದು ಯಾವುದೂ ಸರಿ ಅನ್ನಿಸುತ್ತಿಲ್ಲ. ಕಾಗದ ಮಡಚಿ ಇಡುತ್ತೇನೆ.

ಅಕ್ಕ ನನ್ನ ಒಡಹುಟ್ಟಿದವರಲ್ಲ, ಪಕ್ಕದ ಮೇಜಿನವರು. ಆದರೂ ಪ್ರಯೋಗಾಲಯದ ನಮ್ಮ ಮಹಡಿಗೆಲ್ಲ ಅಕ್ಕನೇ — ಅವರ ಬೆನ್ನ ಹಿಂದೆ ಮಾತ್ರ "ಅಲ್ಲಾಡಬೇಡಿ ಅಕ್ಕ". ಗಾಜಿನ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟುವಾಗ ಮೇಜು ಅಲುಗಿದರೆ ಇಡೀ ದಿನದ ಕೆಲಸ ಹಾಳು. ಯಾರಾದರೂ ಬಾಗಿಲು ದೂಡಿಕೊಂಡು ಬಂದರೆ ಸಾಕು, ಹೀಗೆ ಕೈ ಎತ್ತಿ "ಅಲ್ಲಾಡಬೇಡಿ" ಅನ್ನುತ್ತಿದ್ದರು. ಒಮ್ಮೆ ನಮ್ಮ ನಿರ್ದೇಶಕರು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತೇ ಇದ್ದರು. ಇಲ್ಲೇ ಇದ್ದಾರೆ, ಬೇಕಾದರೆ ಕೇಳಿ.

ನಮ್ಮ ಕೆಲಸ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಗಾಯವಾದರೆ ರಕ್ತ ಹೆಪ್ಪುಗಟ್ಟಿ ಅದನ್ನು ಮುಚ್ಚುತ್ತದೆ. ಕೆಲಸ ಮುಗಿದ ಮೇಲೆ ಆ ಹೆಪ್ಪು ಕರಗಿಹೋಗಬೇಕು. ಅಕ್ಕ ಹೇಳುತ್ತಿದ್ದರು, "ನೆಂಟರು ಬಂದ್ರೆ ಸಂತೋಷ ಕಣ್ರೀ, ಆದ್ರೆ ಹೊರಡ್ಬೇಕಲ್ಲ." ಸಕ್ಕರೆ ಕಾಯಿಲೆಯಲ್ಲಿ ಈ ನೆಂಟ ಬೇಗ ಹೊರಡುವುದಿಲ್ಲ. ಹೆಪ್ಪಿನ ನಾರಿಗೆ ಸಕ್ಕರೆ ಅಂಟಿಕೊಂಡು ಬಲೆ ಬಿಗಿಯಾಗುತ್ತದೆ. ಹೆಪ್ಪು ಕರಗಿಸಲು ದೇಹವೇ ಕಳಿಸುವ ವಸ್ತುವಿಗೆ ಅಡ್ಡಗಾಲು ಹಾಕುವ ಇನ್ನೊಂದು ವಸ್ತು ಹೆಚ್ಚುತ್ತದೆ. ಎಷ್ಟು, ಹೇಗೆ — ಇದನ್ನೇ ನಾವು ನೋಡುತ್ತಿದ್ದುದು.

ಹೋಲಿಸಿ ನೋಡಲು ಪಕ್ಕದಲ್ಲಿ ಒಂದು ಆರೋಗ್ಯವಂತರ ಕೊಳವೆ ಇಡಬೇಕು. ಯಾರದು? ಅಕ್ಕನದು. ಮೊದಲಿನಿಂದಲೂ ಅದೇ ರೂಢಿ. "ನಂದು ತಗೊಳ್ರೀ, ಗುಂಡುಕಲ್ಲಿನ ಹಾಗೆ ಇದೀನಿ" ಎಂದು ತೋಳು ಚಾಚುತ್ತಿದ್ದರು. ರೋಗಿಗಳ ಕೊಳವೆ ಹೆಪ್ಪು ಕರಗದೆ ಸಂಜೆಯವರೆಗೂ ಮಬ್ಬಾಗಿಯೇ ಇರುತ್ತಿತ್ತು. ಅಕ್ಕನದು ಊಟದ ಹೊತ್ತಿಗೆ ತಿಳಿ.

ಕಳೆದ ವರ್ಷದಿಂದ — ಇಲ್ಲಿಗೆ ಬಂದರೆ ನನ್ನ ತಲೆ ಓಡುವುದಿಲ್ಲ — ಎರಡೂ ಕೊಳವೆಯ ಹೆಪ್ಪು ಸಂಜೆಯವರೆಗೆ ಕರಗುತ್ತಿರಲಿಲ್ಲ. ನಾವು ಏನು ಮಾಡಿದೆವು? ಕರಗಿಸಲು ಹಾಕುವ ದ್ರಾವಣವನ್ನು ಬೈದೆವು. ಬೈಯುವುದರಲ್ಲಿ ಅಕ್ಕನೇ ಮುಂದು. "ಈ ಸೀಸೆ ಸತ್ತಿದೆ, ವಾಪಸ್ ಕಳ್ಸಿ." ಹೊಸ ಸೀಸೆ ಬಂತು. ಅದೂ ಹಾಗೇ. ಕೊಳವೆ ಬೆಚ್ಚಗಿಡುವ ಬಿಸಿನೀರಿನ ತೊಟ್ಟಿ ಕೆಟ್ಟಿದೆ ಎಂದು ರಿಪೇರಿಯವರನ್ನು ಕರೆಸಿದೆವು. ತೊಟ್ಟಿ ಚೆನ್ನಾಗಿದೆ ಎಂದು ಅವರು ಎಷ್ಟು ಹೇಳಿದರೂ ನಂಬಲಿಲ್ಲ, ಪಾಪ. ಆರೋಗ್ಯವಂತರ ಕೊಳವೆಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಅದು ಅಕ್ಕನದಲ್ಲವೇ.

ಮೊನ್ನೆ ಅಕ್ಕನನ್ನು ಸೇರಿಸಿದ್ದ ಆಸ್ಪತ್ರೆಯಲ್ಲಿ ವೈದ್ಯರು ಹೊರಗೆ ಬಂದು, ಅಕ್ಕ ಹೋದರು ಅಂದರು. ಹೃದಯದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿತ್ತು, ಸಕ್ಕರೆ ವಿಪರೀತ ಏರಿತ್ತು, ಈ ಕಾಯಿಲೆ ಯಾವಾಗಿನಿಂದ ಇದೆ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಭಾವ ನನ್ನ ಕಡೆ ತಿರುಗಿದರು. "ದಿನಾ ರಕ್ತ ನೋಡೋರು ನೀವು. ಅವಳದ್ದು ಒಂದ್ಸಲನೂ ನೋಡ್ಲಿಲ್ವಾ?"

ನೋಡುತ್ತಿದ್ದೆವು ಭಾವ. ದಿನಾ ನೋಡುತ್ತಿದ್ದೆವು. ಆಸ್ಪತ್ರೆಯಲ್ಲಿ ಹೇಳದ್ದನ್ನು ಈಗ ಹೇಳುತ್ತಿದ್ದೇನೆ.

ಆದರೆ — ಅಕ್ಕನ ಹೆಪ್ಪು ಕರಗದಿದ್ದುದು ನಿಜವಾಗಿ ಸಕ್ಕರೆಯಿಂದಲೋ ಏನೋ, ಅದೂ ಗೊತ್ತಿಲ್ಲ. ಸೀಸೆಯೇ ಕೆಟ್ಟಿದ್ದಿರಬಹುದು. ಬೆಳಿಗ್ಗೆ ಒಂದು ಥರ ಅನ್ನಿಸುತ್ತದೆ, ಮಧ್ಯಾಹ್ನ ಇನ್ನೊಂದು ಥರ. ಕಳೆದ ವರ್ಷ ಅಕ್ಕ ಕೊಟ್ಟ ರಕ್ತದ ಒಂದು ಕೊಳವೆ ಫ್ರೀಜರ್‌ನಲ್ಲಿ ಇನ್ನೂ ಇದೆ. ತೆಗೆದು ನೋಡಿದರೆ ಆಗಲೇ ಸಕ್ಕರೆ ಏರಿತ್ತೋ ಇಲ್ಲವೋ ತಿಳಿಯುತ್ತದೆ. ಏರಿತ್ತು ಅಂದರೆ, ಅಕ್ಕನನ್ನು ನಾವು ಉಳಿಸಿಕೊಳ್ಳಬಹುದಿತ್ತು. ಇಲ್ಲ ಅಂದರೆ — ನಮಗೆ ನಿರಾಳ, ಆ ನಿರಾಳಕ್ಕೂ ನಾಚಿಕೆ. ಫ್ರೀಜರ್ ಬಾಗಿಲು ತೆಗೆಯುತ್ತೇನೆ, ಕೊಳವೆ ನೋಡುತ್ತೇನೆ, ಮುಚ್ಚುತ್ತೇನೆ. ಉಳಿದಿರುವುದು ಅದೊಂದೇ. ಅದು ನಿಮ್ಮದು, ಭಾವ. ಹೀಗೆ ಎಲ್ಲರೆದುರು ಕೇಳುವುದು ತಪ್ಪೋ ಏನೋ, ಕೇಳಿಬಿಡುತ್ತೇನೆ. ನೋಡೋಣವೇ, ಬೇಡವೇ?

— ಏನಂದಿರಿ? ಭಾವ ಮಗಳ ಮುಖ ನೋಡುತ್ತಿದ್ದಾರೆ. ಮಗಳು ಏನೋ ಹೇಳುತ್ತಿದ್ದಾಳೆ. ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ, ಅವಳ ಮಾತನ್ನು ಹಾಗೇ ಹೇಳುತ್ತೇನೆ: "ನೋಡಿ ಮಾವ. ಅಮ್ಮ ಇದ್ದಿದ್ರೆ ನಿನ್ನೆ ದಿನಾನೇ ನೋಡಿರ್ತಿದ್ಲು."

ಆಯಿತಮ್ಮ. ನಾಳೆ ನೋಡುತ್ತೇವೆ. ಅದರ ಪಕ್ಕದಲ್ಲಿ ಇಡಲು ಒಂದು ಆರೋಗ್ಯವಂತರ ಕೊಳವೆ ಬೇಕಾಗುತ್ತದೆ. ನನ್ನದೇ ಕೊಡೋಣ ಎಂದುಕೊಂಡಿದ್ದೆ. ಆಮೇಲೆ ಹೊಳೆಯಿತು, ನಾನು ಯಾವತ್ತೂ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡಿಲ್ಲ. ಸುತ್ತಲೂ ಕೇಳಿದೆ. ನಮ್ಮ ಮಹಡಿಯಲ್ಲಿ ಯಾರೂ ಮಾಡಿಸಿಕೊಂಡಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕುರ್ಚಿ ಎಳೆಯುವುದು ಬೇಡ, ನಿಧಾನವಾಗಿ. ಅಕ್ಕ ತಮ್ಮ ಮೇಜಿನ ಮೇಲೆ ಈಗಷ್ಟೇ ಕೊಳವೆ ಇಟ್ಟಿದ್ದಾರೆ ಎಂದುಕೊಳ್ಳಿ. ನಾನು ಸಾಕು ಅನ್ನುವವರೆಗೆ — ಅಲ್ಲಾಡಬೇಡಿ.