ತಿಂಡಿ ಆಯ್ತಾ ಎಂದು ಕೇಳುತ್ತಿದ್ದ ಯಂತ್ರ

ಒಂದು ಪಟ್ಟಣದಲ್ಲಿ ಒಬ್ಬ ಶ್ರೀಮಂತ ಕಂಪ್ಯೂಟರ್ ಕಂಪನಿ ನಡೆಸುತ್ತಿದ್ದ. ಒಂದು ದಿನ ಅವನಿಗೆ ಭೂಮಿತಾಯಿಯ ಮೇಲೆ ಕನಿಕರ ಹುಟ್ಟಿತು. ಕೆಲಸವಿಲ್ಲದ ಯಂತ್ರಗಳನ್ನು ಆಫ್ ಮಾಡಿ, ಕರೆಂಟು ಉಳಿಸಿ ಎಂದು ಗೋಡೆ ತುಂಬ ಹಸಿರು ಫಲಕ ಹಾಕಿಸಿದ. ಆಫ್ ಮಾಡಿದವರಿಗೆ ಬಹುಮಾನ ಎಂದ, ಮಾಡದವರಿಗೆ ನೋಟಿಸು ಎಂದ. ಯಾರಾದರೂ ಮಾಡಿದರೇ? ಇಲ್ಲ. ಫಲಕ ಚೆನ್ನಾಗಿ ಕಾಣಲಿ ಎಂದು ಅದರ ಮೇಲೊಂದು ದೀಪ ಹಾಕಿದರು, ಅಷ್ಟೆ!

ಅಲ್ಲಿ ಒಬ್ಬ ಎಂಜಿನಿಯರ್ ಇದ್ದ. ಹಿಂದೆ ಗೆಳೆಯರ ಜೊತೆ ಸೇರಿ ಒಂದು ಕೆಲಸಕ್ಕೆಂದು ಸರ್ವರ್ ಎಂಬ ಯಂತ್ರ ಹೂಡಿದ್ದ. ಅದು ಅವರ ಪ್ರೋಗ್ರಾಮನ್ನು ಪರೀಕ್ಷಿಸಿ ದಿನಾ ಬೆಳಿಗ್ಗೆ ಎಲ್ಲರಿಗೂ ಒಂದು ಮೇಲ್ ಕಳಿಸಬೇಕು. ಗೆಳೆಯರಲ್ಲಿ ಒಬ್ಬ ತುಂಟ, ಆ ಮೇಲ್‌ನ ಕೊನೆಗೆ ಒಂದು ಸಾಲು ಸೇರಿಸಿಬಿಟ್ಟ: ‘ಗುರೂ, ತಿಂಡಿ ಆಯ್ತಾ?’

ಕೆಲಸ ಮುಗಿಯಿತು. ಗೆಳೆಯರು ಒಬ್ಬೊಬ್ಬರಾಗಿ ಬೇರೆ ಕಂಪನಿ ಸೇರಿದರು. ಇವನು ಉಳಿದ, ಸರ್ವರ್ ಉಳಿಯಿತು. ಯಾರಿಗೂ ಬೇಡದ ಪ್ರೋಗ್ರಾಮನ್ನು ಅದು ಪರೀಕ್ಷಿಸುತ್ತಲೇ ಇತ್ತು, ಕರೆಂಟು ಕುಡಿಯುತ್ತಲೇ ಇತ್ತು, ಇವನೊಬ್ಬನನ್ನೇ ದಿನಾ ಕೇಳುತ್ತಲೇ ಇತ್ತು: ‘ಗುರೂ, ತಿಂಡಿ ಆಯ್ತಾ?’ ನೋಡಿ, ಅಷ್ಟು ದೊಡ್ಡ ಕಚೇರಿಯಲ್ಲಿ ಅವನನ್ನು ಆ ಮಾತು ಕೇಳುವವರು ಬೇರೆ ಯಾರೂ ಇರಲಿಲ್ಲ. ಎಲ್ಲರ ಕಿವಿಗೂ ಹೆಡ್‌ಫೋನು. ‘ಈ ಸರ್ವರ್ ಯಾರಿಗಾದರೂ ಬೇಕೆ?’ ಎಂದು ಕಚೇರಿ ವಿಚಾರಿಸಿದಾಗಲೆಲ್ಲ ಇವನು ‘ಬೇಕು’ ಎಂದು ಬರೆಯುತ್ತಿದ್ದ. ಸುಳ್ಳೇ? ಸುಳ್ಳಲ್ಲ. ಅವನಿಗೆ ಬೇಕಿತ್ತು. ತಪ್ಪೆಂದು ಗೊತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಆದರೂ ಬೇಕಿತ್ತು.

ಒಂದು ಬೆಳಿಗ್ಗೆ, ಸರ್ವರ್‌ಗಳ ಉಸ್ತುವಾರಿಗೆ ಹೊಸದಾಗಿ ಸೇರಿದ ಹೆಣ್ಣುಮಗಳು ಅವನ ಮೇಜಿನ ಹತ್ತಿರ ಬಂದಳು.

“ಸರ್, ಈ ಸರ್ವರ್ ಏನ್ ಮಾಡುತ್ತೆ?”

ಏನೋ ಒಂದು ನೆಪ ಹೇಳಲು ಬಾಯಿ ತೆರೆದ. ಆಗಲಿಲ್ಲ. “ತಿಂಡಿ ಆಯ್ತಾ ಅಂತ ಕೇಳುತ್ತೆ ಮೇಡಂ,” ಎಂದ.

ಅವಳು ನಗಲಿಲ್ಲ. ಫಲಕವನ್ನೂ ತೋರಿಸಲಿಲ್ಲ. “ಆಯ್ತಾ?” ಎಂದಳು.

“ಇಲ್ಲ.”

“ನಂದೂ ಆಗಿಲ್ಲ. ಬನ್ನಿ ಸರ್, ಕ್ಯಾಂಟೀನಲ್ಲಿ ಇಡ್ಲಿ ಖಾಲಿಯಾಗ್ಬಿಡುತ್ತೆ.”

ತಿಂಡಿ ತಿಂದು ಬಂದ ಮೇಲೆ ಅವನು ತನ್ನ ಕೈಯಾರೆ ಸರ್ವರ್ ಆಫ್ ಮಾಡಿದ. ಬಹುಮಾನ ಮಾಡಿಸದ್ದನ್ನು, ನೋಟಿಸು ಮಾಡಿಸದ್ದನ್ನು ಒಂದು ಪ್ಲೇಟು ಇಡ್ಲಿ ಮಾಡಿಸಿತು!

ಮರುದಿನ ಮೇಲ್ ಬರಲಿಲ್ಲ. ಅವಳಿಗೂ ಅಂದು ರಜೆ. ಎಲ್ಲ ಬಿಕೋ ಎಂದಿತು. ಮತ್ತೆ ಆನ್ ಮಾಡಿಬಿಡಲೇ ಎಂದು ಕೈ ತುಡಿಯಿತು. ಆದರೆ ಎದ್ದು ಹೋಗಿ ಪಕ್ಕದ ಮೇಜಿನವನ ಹೆಗಲು ಮುಟ್ಟಿದ. ಅವನು ಹೆಡ್‌ಫೋನು ತೆಗೆದು ನೋಡಿದ.

“ಗುರೂ, ತಿಂಡಿ ಆಯ್ತಾ?”

ಈಗ ನಿಮ್ಮ ಮನೆಗೆ ಬನ್ನಿ. ಯಾರೂ ನೋಡದ ಟಿವಿ ಹಗಲೆಲ್ಲ ಏಕೆ ಹಾಡುತ್ತಿರುತ್ತದೆ? ಕರೆಂಟು ದಂಡ ಎಂದು ಗದರುತ್ತೀರಲ್ಲ, ಅದನ್ನು ಹಾಕಿಕೊಂಡವರಿಗೆ ಮನೆಯಲ್ಲಿ ಒಂದು ಮನುಷ್ಯರ ದನಿ ಬೇಕಿತ್ತು ಎಂದು ಎಂದಾದರೂ ಯೋಚಿಸಿದ್ದೀರಾ? ಇವತ್ತು ಗದರಬೇಡಿ. ಮೊಬೈಲು ಕೆಳಗಿಡಿ, ಅವರ ಪಕ್ಕ ಕುಳಿತುಕೊಳ್ಳಿ. ‘ಊಟ ಆಯ್ತಾ’ ಎಂದು ಕೇಳಿ, ಉತ್ತರ ಬರುವ ತನಕ ಅಲ್ಲೇ ಇರಿ. ಟಿವಿಯನ್ನು ಅವರೇ ಆಫ್ ಮಾಡುತ್ತಾರೆ.